ಒಂದು ಗ್ರಾಂ ಪುಡಿಯಲ್ಲಿ ಇಪ್ಪತ್ತೆಂಟು ಗುಂಟೆ: ಖಾಲಿ ಜಾಗವನ್ನು ಕಟ್ಟುವ ರಸಾಯನಶಾಸ್ತ್ರ

2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇಟ್ಟುಕೊಂಡು ರೋಗಿಯ ಪಕ್ಕದಲ್ಲಿ ರಾತ್ರಿ ಕಳೆದವರಿಗೆ ಆ ಯಂತ್ರದ ಸದ್ದು ಇನ್ನೂ ನೆನಪಿರುತ್ತದೆ. ಒಂದೇ ಸಮನೆ ಗುಂಯ್‌ಗುಡುವ ಮೋಟಾರು, ಕೆಲವು ಸೆಕೆಂಡಿಗೊಮ್ಮೆ ‘ಟಕ್’ ಎಂದು ಹೊರಳುವ ವಾಲ್ವು, ಅದರ ಬೆನ್ನಿಗೇ ‘ಬುಸ್’ ಎಂದು ಹೊರಬೀಳುವ ಗಾಳಿ. ಆ ಯಂತ್ರಕ್ಕೆ ಸಿಲಿಂಡರ್ ಬೇಕಿರಲಿಲ್ಲ. ಕೋಣೆಯ ಗಾಳಿಯನ್ನೇ ಒಳಗೆಳೆದುಕೊಂಡು, ಅದರಲ್ಲಿನ ನೈಟ್ರೋಜನ್ನನ್ನು ತಡೆಹಿಡಿದು, ಉಳಿದ ಆಕ್ಸಿಜನ್ನನ್ನು ಕೊಳವೆಗೆ ಬಿಡುತ್ತಿತ್ತು. ತಡೆಹಿಡಿಯುವ ಕೆಲಸ ಮಾಡುತ್ತಿದ್ದುದು ಯಂತ್ರದೊಳಗಿನ ಡಬ್ಬಿಗಳಲ್ಲಿ ತುಂಬಿದ್ದ, ಸಬ್ಬಕ್ಕಿಯಂತೆ ಕಾಣುವ ಸಣ್ಣ ಗುಂಡುಗಳು. ಅವುಗಳ ಹೆಸರು ಜಿಯೊಲೈಟ್. ದೇಶದ ಆಸ್ಪತ್ರೆಗಳಲ್ಲಿ ತುರ್ತಾಗಿ ನಿಲ್ಲಿಸುತ್ತಿದ್ದ ಆಕ್ಸಿಜನ್ ಘಟಕಗಳಿಗಾಗಿ ಅದೇ ಮೇ ತಿಂಗಳಲ್ಲಿ ಏರ್ ಇಂಡಿಯಾ ವಿಮಾನಗಳು ರೋಮ್‌ನಿಂದ ಬೆಂಗಳೂರಿಗೆ ಟನ್ನುಗಟ್ಟಲೆ ಜಿಯೊಲೈಟನ್ನು ಹೊತ್ತು ತಂದಿದ್ದವು.

2025ರ ಅಕ್ಟೋಬರ್ 8ರಂದು ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಘೋಷಣೆಯಾದಾಗ ಈ ಗುಂಡುಗಳ ಹತ್ತಿರದ ಸಂಬಂಧಿಯೊಂದು ಸುದ್ದಿಗೆ ಬಂತು. ಜಪಾನಿನ ಸುಸುಮು ಕಿಟಗಾವಾ, ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ರಿಚರ್ಡ್ ರಾಬ್ಸನ್, ಅಮೆರಿಕದ ಬರ್ಕ್ಲಿಯಲ್ಲಿರುವ ಓಮರ್ ಯಾಘಿ, ಈ ಮೂವರು ‘ಮೆಟಲ್ ಆರ್ಗ್ಯಾನಿಕ್ ಫ್ರೇಮ್‌ವರ್ಕ್’ ಎಂಬ ವಸ್ತುಗಳನ್ನು ರೂಪಿಸಿದ್ದಕ್ಕಾಗಿ ಪ್ರಶಸ್ತಿ ಹಂಚಿಕೊಂಡರು. ಒಂದೆರಡು ಗ್ರಾಂ ಪುಡಿಯೊಳಗೆ ಫುಟ್‌ಬಾಲ್ ಮೈದಾನದಷ್ಟು ಜಾಗ ಅಡಗಿದೆ ಎಂಬ ಮಾತನ್ನು ಅಂದು ಬಹುತೇಕ ಎಲ್ಲ ಪತ್ರಿಕೆಗಳೂ ಬರೆದವು. ಅಷ್ಟು ಜಾಗ ಒಂದು ಚಿಟಿಕೆ ಪುಡಿಯೊಳಗೆ ಹೇಗೆ ಸೇರಿಕೊಂಡಿತು, ಅದನ್ನು ಅಳೆದವರು ಯಾರು, ಯಾವ ಅಳತೆಗೋಲಿನಿಂದ ಎಂಬ ಪ್ರಶ್ನೆಗಳಿಗೆ ಮಾತ್ರ ಸುದ್ದಿಯಲ್ಲಿ ಜಾಗ ಸಿಗಲಿಲ್ಲ. ಈ ಲೇಖನ ಆ ಪ್ರಶ್ನೆಗಳ ಕುರಿತದ್ದು.

ರಂಧ್ರ ಎಂದರೆ ಎಷ್ಟು ದೊಡ್ಡದು?

ಒಳಗೆ ಸಣ್ಣ ಸಣ್ಣ ಖಾಲಿ ಜಾಗಗಳಿರುವ ಘನವಸ್ತುವನ್ನು ಸರಂಧ್ರ ವಸ್ತು ಎನ್ನುತ್ತಾರೆ. ಇದು ನಮಗೆ ಹೊಸದೇನಲ್ಲ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದಕ್ಕೆ ಅದರ ಗೋಡೆಯ ರಂಧ್ರಗಳೇ ಕಾರಣ. ನೀರು ಅವುಗಳ ಮೂಲಕ ಹೊರಗೆ ಜಿನುಗಿ ಆವಿಯಾಗುವಾಗ ಒಳಗಿನ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. ಇಡ್ಲಿ, ಬ್ರೆಡ್ಡು, ಇಟ್ಟಿಗೆ, ಇದ್ದಿಲು ಎಲ್ಲವೂ ಸರಂಧ್ರ ವಸ್ತುಗಳೇ. ವ್ಯತ್ಯಾಸವಿರುವುದು ರಂಧ್ರದ ಗಾತ್ರದಲ್ಲಿ, ಮತ್ತು ಎಲ್ಲ ರಂಧ್ರಗಳೂ ಒಂದೇ ಅಳತೆಯವೇ ಅಥವಾ ಮನಬಂದಂತೆ ಇವೆಯೇ ಎಂಬುದರಲ್ಲಿ.

ಇಲ್ಲಿ ಬಳಸುವ ಅಳತೆ ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೊಮೀಟರ್. ನೀರಿನ ಒಂದು ಅಣುವಿನ ಅಗಲ ಸುಮಾರು 0.28 ನ್ಯಾನೊಮೀಟರ್. ರಸಾಯನಶಾಸ್ತ್ರಜ್ಞರು ರಂಧ್ರಗಳನ್ನು ಮೂರು ವರ್ಗ ಮಾಡಿದ್ದಾರೆ. 2 ನ್ಯಾನೊಮೀಟರಿಗಿಂತ ಕಿರಿದಾದವು ಮೈಕ್ರೊ ರಂಧ್ರಗಳು, 2ರಿಂದ 50ರವರೆಗಿನವು ಮೆಸೊ ರಂಧ್ರಗಳು, 50ಕ್ಕಿಂತ ಹಿರಿದಾದವೆಲ್ಲ ಮ್ಯಾಕ್ರೊ ರಂಧ್ರಗಳು. ಈ ಲೆಕ್ಕದಲ್ಲಿ ಇಡ್ಲಿಯ ರಂಧ್ರ ಊಹೆಗೂ ಮೀರಿದಷ್ಟು ದೊಡ್ಡದು, ಅದರಲ್ಲಿ ಅಣುಗಳು ಬಯಲಿಗೆ ಬಿಟ್ಟ ದನಗಳಂತೆ ಎಲ್ಲಿಗೆ ಬೇಕಾದರೂ ಓಡಾಡಬಲ್ಲವು. ಮೈಕ್ರೊ ರಂಧ್ರದಲ್ಲಿ ಹಾಗಲ್ಲ. ಅಲ್ಲಿ ಒಳಹೊಕ್ಕ ಅಣುವಿಗೆ ಯಾವ ಕಡೆ ಹೊರಳಿದರೂ ಗೋಡೆ ತಾಗುತ್ತದೆ. ಈ ವಸ್ತುಗಳ ಗುಣವೆಲ್ಲ ಹುಟ್ಟುವುದು ಗೋಡೆಯ ಆ ಸಾಮೀಪ್ಯದಿಂದ.

ಇಪ್ಪತ್ತೆಂಟು ಗುಂಟೆಯ ಲೆಕ್ಕ

ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಬೆಲ್ಲದ ತುಂಡನ್ನು ಎದುರಿಗಿಟ್ಟುಕೊಳ್ಳಿ. ಅದಕ್ಕೆ ಆರು ಮುಖಗಳು. ಒಟ್ಟು ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನು ಒಂದು ಮಿಲಿಮೀಟರ್ ಅಳತೆಯ ಸಾವಿರ ತುಂಡುಗಳಾಗಿ ಕತ್ತರಿಸಿದರೆ ಬೆಲ್ಲದ ತೂಕ ಹೆಚ್ಚುವುದಿಲ್ಲ, ಆದರೆ ಕತ್ತಿ ಆಡಿದಲ್ಲೆಲ್ಲ ಹೊಸ ಮುಖಗಳು ತೆರೆದುಕೊಂಡು ಮೇಲ್ಮೈ 60 ಚದರ ಸೆಂಟಿಮೀಟರ್ ಆಗುತ್ತದೆ. ಹೀಗೆಯೇ ಕತ್ತರಿಸುತ್ತ ಒಂದು ನ್ಯಾನೊಮೀಟರ್ ಅಳತೆಯ ತುಂಡುಗಳವರೆಗೆ ಹೋದೆವು ಎಂದುಕೊಳ್ಳೋಣ. ಆಗ ಅದೇ ತುಂಡಿನ ಒಟ್ಟು ಮೇಲ್ಮೈ 6,000 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದೂವರೆ ಎಕರೆ.

ಪುಡಿ ಮಾಡುವ ಬದಲು ಒಳಗಿನಿಂದ ಕೊರೆದರೂ ಇದೇ ಫಲ ಸಿಗುತ್ತದೆ. ಒಂದು ಗ್ರಾಂ ವಸ್ತುವಿನ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸಿಗುವ ವಿಸ್ತೀರ್ಣವೇ ಆ ವಸ್ತುವಿನ ‘ನಿರ್ದಿಷ್ಟ ಮೇಲ್ಮೈ’. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್ ಆದ್ದರಿಂದ, ಹೊಲ ಸೈಟುಗಳ ಲೆಕ್ಕ ಬಲ್ಲ ನಮಗೆ ಇದನ್ನು ಗುಂಟೆಯಲ್ಲಿ ಹೇಳುವುದೇ ಸುಲಭ. ಒಳ್ಳೆಯ ಸಿಲಿಕಾ ಜೆಲ್ಲಿನ ಒಂದು ಗ್ರಾಮಿನಲ್ಲಿ ಆರೇಳು ಗುಂಟೆ ಇರುತ್ತದೆ. ತೆಂಗಿನ ಕರಟದಿಂದ ಮಾಡಿದ ಸಕ್ರಿಯ ಇದ್ದಿಲಿನಲ್ಲಿ ಸುಮಾರು ಹತ್ತು ಗುಂಟೆ. ಯಾಘಿಯವರ ತಂಡ 1999ರಲ್ಲಿ ಪ್ರಕಟಿಸಿದ ಎಂಒಎಫ್-5 ಎಂಬ ಮೆಟಲ್ ಆರ್ಗ್ಯಾನಿಕ್ ಫ್ರೇಮ್‌ವರ್ಕಿನಲ್ಲಿ 2,900 ಚದರ ಮೀಟರ್, ಅಂದರೆ ಇಪ್ಪತ್ತೆಂಟು ಗುಂಟೆ ದಾಟುತ್ತದೆ. 2012ರಲ್ಲಿ ವರದಿಯಾದ, ಅದೇ ಬಗೆಯ ಎನ್‌ಯು-110ರದು 7,000 ಚದರ ಮೀಟರಿಗೂ ಹೆಚ್ಚು, ಎಂದರೆ ಸುಮಾರು ಒಂದು ಎಕರೆ ಮೂವತ್ತು ಗುಂಟೆ.

ಹೀರುವುದು ಬೇರೆ, ಹಿಡಿಯುವುದು ಬೇರೆ

ಇಷ್ಟು ಗೋಡೆ ಇದ್ದರೆ ಆಗುವ ಲಾಭವೇನು? ಹೊಸ ಶೂ ಡಬ್ಬಿಯಲ್ಲೋ ಔಷಧಿ ಬಾಟಲಿಯಲ್ಲೋ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಬಿಡಿಸಿ, ಒಣಗಿದ ನಾಲ್ಕು ಕಾಳುಗಳನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಿವಿಗೊಟ್ಟರೆ ಉತ್ತರದ ಮೊದಲ ಭಾಗ ಕೇಳಿಸುತ್ತದೆ. ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಕಾಳುಗಳು ಸಣ್ಣಗೆ ಚಟಪಟ ಎನ್ನುತ್ತವೆ, ಕೆಲವು ಸೀಳಿ ಎರಡಾಗುತ್ತವೆ, ಸುತ್ತ ಗಾಳಿಯ ಗುಳ್ಳೆಗಳು ಏಳುತ್ತವೆ. ನೀರು ರಂಧ್ರಗಳಿಗೆ ನುಗ್ಗಿ ಗೋಡೆಗೆ ಅಂಟಿಕೊಳ್ಳುವಾಗ ಬಿಸಿ ಹುಟ್ಟುತ್ತದೆ. ಆ ಬಿಸಿ ಮತ್ತು ಒಳನುಗ್ಗುವ ನೀರಿನ ಸೆಳೆತವನ್ನು ತಾಳಲಾರದೆ ಕಾಳು ಬಿರಿಯುತ್ತದೆ. (ಬಣ್ಣದ ಕಾಳುಗಳಲ್ಲಿ ಇದನ್ನು ಮಾಡಬಾರದು. ನೀಲಿ ಕಾಳುಗಳಲ್ಲಿ ಇರುವ ಕೋಬಾಲ್ಟ್ ಕ್ಲೋರೈಡ್ ವಿಷಕಾರಿ.)

ಹೀಗೆ ಅಣುಗಳು ಗೋಡೆಯ ಮೇಲೆ ಬಂದು ನಿಲ್ಲುವುದನ್ನು ಅಧಿಶೋಷಣೆ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಅಡ್ಸಾರ್ಪ್ಷನ್. ಬಟ್ಟೆಯ ಬಣ್ಣ ನೀರಿನಲ್ಲಿ ಬೆರೆತಂತೆ ಒಂದು ವಸ್ತು ಇನ್ನೊಂದರ ಒಡಲೊಳಗೆ ಬೆರೆತು ಹೋಗುವುದು ಬೇರೆ ಬಗೆ. ಅಧಿಶೋಷಣೆಯಲ್ಲಿ ಗೋಡೆ ಗೋಡೆಯಾಗಿಯೇ ಉಳಿಯುತ್ತದೆ, ಅಣು ಅಣುವಾಗಿಯೇ ಉಳಿಯುತ್ತದೆ, ನಡುವೆ ಒಂದು ದುರ್ಬಲ ಸೆಳೆತ ಮಾತ್ರ ಇರುತ್ತದೆ. ಎರಡು ಅಣುಗಳು ಬಹಳ ಹತ್ತಿರ ಬಂದಾಗ ಅವುಗಳಲ್ಲಿನ ವಿದ್ಯುದಂಶಗಳ ಏರುಪೇರಿನಿಂದ ಹುಟ್ಟುವ ಸೆಳೆತ ಅದು. ಸಮತಟ್ಟಾದ ನೆಲದ ಮೇಲೆ ಅಣುವನ್ನು ಒಂದೇ ಕಡೆಯಿಂದ ಎಳೆಯುವ ಈ ಬಲ, ಕಿರಿದಾದ ರಂಧ್ರದಲ್ಲಿ ನಾಲ್ಕೂ ಕಡೆಗಳಿಂದ ಎಳೆಯುತ್ತದೆ. ಆದ್ದರಿಂದಲೇ ಬಯಲಿನಲ್ಲಿ ನಿಲ್ಲದ ಅನಿಲವೂ ಮೈಕ್ರೊ ರಂಧ್ರದೊಳಗೆ ನಿಲ್ಲುತ್ತದೆ. ಸೆಳೆತ ದುರ್ಬಲವಾಗಿರುವುದೇ ಇಲ್ಲಿ ಅನುಕೂಲ: ಸ್ವಲ್ಪ ಬಿಸಿ ಮಾಡಿದರೆ, ಇಲ್ಲವೇ ಒತ್ತಡ ಇಳಿಸಿದರೆ ಹಿಡಿದದ್ದೆಲ್ಲ ಕೈಬಿಡುತ್ತದೆ, ವಸ್ತು ಮತ್ತೆ ಕೆಲಸಕ್ಕೆ ಸಿದ್ಧವಾಗುತ್ತದೆ.

ಆಕ್ಸಿಜನ್ ಯಂತ್ರ ನಡೆಯುವುದು ಈ ಹಿಡಿಯುವ ಮತ್ತು ಬಿಡುವ ಸರದಿಯ ಮೇಲೆಯೇ. ಅದರಲ್ಲಿ ಎರಡು ಜಿಯೊಲೈಟ್ ಡಬ್ಬಿಗಳಿರುತ್ತವೆ. ಒಂದಕ್ಕೆ ಒತ್ತಡದಲ್ಲಿ ಗಾಳಿ ತುಂಬಿದಾಗ ನೈಟ್ರೋಜನ್ ಗೋಡೆಗೆ ಅಂಟಿ ಆಕ್ಸಿಜನ್ ಮುಂದೆ ಸಾಗುತ್ತದೆ. ಅಷ್ಟರಲ್ಲಿ ಇನ್ನೊಂದರ ಒತ್ತಡ ಇಳಿಸಿ ಅದು ಹಿಡಿದಿದ್ದ ನೈಟ್ರೋಜನ್ನನ್ನು ಹೊರಗೆ ಬಿಡಲಾಗುತ್ತದೆ. ಆಗ ಕೇಳುವುದೇ ಆ ‘ಬುಸ್’ ಸದ್ದು. ಜರಡಿಯಲ್ಲಿ ಹಿಟ್ಟು ಸೋಸಿದಂತೆ ಇಲ್ಲಿ ದೊಡ್ಡ ಅಣು ಹೊರಗುಳಿದು ಸಣ್ಣದು ಒಳಹೋಗುತ್ತದೆ ಎಂಬ ತಿಳಿವಳಿಕೆ ವ್ಯಾಪಕವಾಗಿದೆ, ಆದರೆ ಅದು ಸರಿಯಲ್ಲ. ನೈಟ್ರೋಜನ್ ಮತ್ತು ಆಕ್ಸಿಜನ್ ಅಣುಗಳ ಗಾತ್ರ ಹೆಚ್ಚುಕಡಿಮೆ ಒಂದೇ. ನೈಟ್ರೋಜನ್ ಅಣುವಿನೊಳಗೆ ವಿದ್ಯುದಂಶದ ಹಂಚಿಕೆ ಹೆಚ್ಚು ಅಸಮವಾಗಿರುವುದರಿಂದ, ಜಿಯೊಲೈಟಿನ ರಂಧ್ರಗಳಲ್ಲಿ ಕುಳಿತಿರುವ ಸೋಡಿಯಂ ಅಥವಾ ಲಿಥಿಯಂ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳು, ಅದನ್ನು ಆಕ್ಸಿಜನ್ನಿಗಿಂತ ಬಿಗಿಯಾಗಿ ಹಿಡಿಯುತ್ತವೆ. ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದು ಪಾಲಿರುವ ಆರ್ಗಾನನ್ನು ಅವು ಹಾಗೆ ಹಿಡಿಯಲಾರವು. ಈ ಯಂತ್ರಗಳು ಕೊಡುವ ಆಕ್ಸಿಜನ್ನಿನ ಶುದ್ಧತೆ ಶೇ 95ರ ಸುತ್ತಲೇ ನಿಲ್ಲುವುದು ಇದರಿಂದ.

ಜಿಯೊಲೈಟ್ ಮೊದಲು ಸಿಕ್ಕಿದ್ದು ಕಲ್ಲಾಗಿ. 1756ರಲ್ಲಿ ಸ್ವೀಡನ್ನಿನ ಖನಿಜತಜ್ಞ ಆಕ್ಸೆಲ್ ಕ್ರೋನ್‌ಸ್ಟೆಟ್ ಒಂದು ಖನಿಜವನ್ನು ಉರಿಯಲ್ಲಿ ಕಾಯಿಸಿದಾಗ ಅದು ಕುದಿಯುವಂತೆ ಆವಿ ಉಗುಳಿತು. ಗ್ರೀಕ್ ಭಾಷೆಯಲ್ಲಿ ‘ಕುದಿಯುವ ಕಲ್ಲು’ ಎಂಬರ್ಥ ಬರುವ ಹೆಸರನ್ನು ಅವರು ಅದಕ್ಕಿಟ್ಟರು.

ಖಾಲಿ ಜಾಗವನ್ನು ಮಾಡುವ ಬಗೆಗಳು

ಅತ್ಯಂತ ಹಳೆಯ ದಾರಿ ಸುಡುವುದು. ತಿಪಟೂರಿನಂಥ ಕೊಬ್ಬರಿ ಊರುಗಳಲ್ಲಿ ರಾಶಿ ಬೀಳುವ ಕರಟವನ್ನು ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನ ಮೇಲೆ 800 ಡಿಗ್ರಿಗೂ ಮೀರಿದ ಬಿಸಿಯಲ್ಲಿ ನೀರಾವಿ ಹಾಯಿಸಿದರೆ, ಆವಿ ಇಂಗಾಲವನ್ನು ಅಲ್ಲಲ್ಲಿ ಕೊರೆದು ತಿನ್ನುತ್ತ ಹೋಗುತ್ತದೆ. ಮನೆಯ ನೀರಿನ ಫಿಲ್ಟರಿನಲ್ಲಿ ಕ್ಲೋರಿನ್ ವಾಸನೆ ತೆಗೆಯುವುದು ಇಂಥ ಇದ್ದಿಲು. ಇದು ಅಗ್ಗ, ಗಟ್ಟಿ, ನಂಬಬಹುದಾದದ್ದು. ಆದರೆ ಇದರ ರಂಧ್ರಗಳು ಗೆದ್ದಲು ತಿಂದ ಮರದಂತೆ ಒಂದೊಂದು ಒಂದೊಂದು ಅಳತೆಯವು, ಯಾವುದು ಎಲ್ಲಿ ಎಷ್ಟಿರಬೇಕೆಂದು ನಾವು ಹೇಳಲಾರೆವು.

ಎರಡನೆಯದು ಅಚ್ಚಿನ ದಾರಿ. ಕಂಚಿನ ವಿಗ್ರಹ ಎರೆಯುವವರು ಮೊದಲು ಮೇಣದಲ್ಲಿ ಮೂರ್ತಿ ಮಾಡಿ, ಸುತ್ತ ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಯಬಿಡುತ್ತಾರೆ. ಒಳಗೆ ಉಳಿದ ಟೊಳ್ಳಿಗೆ ಲೋಹ ಸುರಿಯುತ್ತಾರೆ. 1992ರಲ್ಲಿ ಮೊಬಿಲ್ ಕಂಪನಿಯ ವಿಜ್ಞಾನಿಗಳು ಪ್ರಕಟಿಸಿದ ಎಂಸಿಎಂ-41 ಎಂಬ ವಸ್ತುವಿನಲ್ಲಿ ಮೇಣದ ಜಾಗದಲ್ಲಿ ಇದ್ದುದು ಸೋಪಿನಂಥ ಅಣುಗಳು. ನೀರಿನಲ್ಲಿ ಈ ಅಣುಗಳು ತಲೆ ಹೊರಗೆ, ಬಾಲ ಒಳಗೆ ಮಾಡಿಕೊಂಡು ಕಡ್ಡಿಗಳ ಆಕಾರದಲ್ಲಿ ಗುಂಪುಗೂಡುತ್ತವೆ. ಆ ಕಡ್ಡಿಗಳ ಸುತ್ತ ಸಿಲಿಕಾ ಗಟ್ಟಿಯಾದ ಮೇಲೆ ಸುಮಾರು 550 ಡಿಗ್ರಿಯಲ್ಲಿ ಸುಟ್ಟರೆ ಸೋಪು ಉರಿದುಹೋಗಿ, ಜೇನುಗೂಡಿನಂತೆ ಒಂದೇ ಅಳತೆಯ ನಾಳಗಳ ಸಾಲು ಉಳಿಯುತ್ತದೆ. ವಿಗ್ರಹದ ಎರಕದಲ್ಲಿ ಟೊಳ್ಳು ನಡುವಿನ ಒಂದು ಹಂತ. ಇಲ್ಲಿ ಅದೇ ಬೇಕಾದ ವಸ್ತು.

ಮೂರನೆಯದು ಒಣಗಿಸುವ ಜಾಣತನದ್ದು. ಮೊಸರಿನಂತೆ ಹೆಪ್ಪುಗಟ್ಟಿದ ಸಿಲಿಕಾದಲ್ಲಿ ನೀರೇ ಬಹುಪಾಲು. ಅದನ್ನು ಬಿಸಿಲಿಗಿಟ್ಟು ಒಣಗಿಸಿದರೆ ಬೇಸಿಗೆಯ ಕೆರೆಯಂಗಳದಂತೆ ಕುಗ್ಗಿ ಬಿರುಕು ಬಿಡುತ್ತದೆ, ಏಕೆಂದರೆ ಹಿಂದೆ ಸರಿಯುವ ನೀರಿನ ಮೇಲ್ಮೈ ರಂಧ್ರಗಳ ಗೋಡೆಯನ್ನು ತನ್ನ ಜೊತೆ ಎಳೆಯುತ್ತದೆ. 1931ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಿಸ್ಲರ್ ಇದಕ್ಕೆ ಒಂದು ಉಪಾಯ ಕಂಡರು. ಒಂದು ಹಂತಕ್ಕಿಂತ ಹೆಚ್ಚಿನ ಬಿಸಿ ಮತ್ತು ಒತ್ತಡದಲ್ಲಿ ದ್ರವ, ಅನಿಲ ಎಂಬ ಭೇದವೇ ಅಳಿದುಹೋಗುತ್ತದೆ. ಇಂಗಾಲದ ಡೈ ಆಕ್ಸೈಡಿಗೆ ಆ ಹಂತ ಸುಮಾರು 31 ಡಿಗ್ರಿ ಮತ್ತು ವಾತಾವರಣದ 73 ಪಟ್ಟು ಒತ್ತಡ. ಆ ಸ್ಥಿತಿಯಲ್ಲಿ ದ್ರವಕ್ಕೆ ಎಳೆಯುವ ಮೇಲ್ಮೈ ಇರುವುದಿಲ್ಲ, ಆದ್ದರಿಂದ ಅದನ್ನು ಮೆಲ್ಲಗೆ ಹೊರಬಿಟ್ಟರೆ ಗೋಡೆಗಳು ಇದ್ದಲ್ಲಿಯೇ ನಿಲ್ಲುತ್ತವೆ. ಸಿಗುವ ಏರೋಜೆಲ್ ಕೈಯಲ್ಲಿ ಹಿಡಿದರೆ ಹೆಪ್ಪುಗಟ್ಟಿದ ಹೊಗೆಯಂತೆ ಕಾಣುತ್ತದೆ. ನಾಸಾದ ಸ್ಟಾರ್‌ಡಸ್ಟ್ ನೌಕೆ ವೈಲ್ಡ್-2 ಧೂಮಕೇತುವಿನ ಧೂಳನ್ನು ಹಿಡಿದು 2006ರಲ್ಲಿ ಭೂಮಿಗೆ ತಂದದ್ದು ಇಂಥ ಏರೋಜೆಲ್ಲಿನಲ್ಲಿ.

ಚಪ್ಪರದಂತೆ ಕಟ್ಟುವುದು

ಮೇಲಿನ ಮೂರು ದಾರಿಗಳಲ್ಲೂ ಏನನ್ನೋ ತೆಗೆದುಹಾಕಿ ಖಾಲಿ ಜಾಗ ಮಾಡುತ್ತಾರೆ. ನೊಬೆಲ್ ಪಡೆದ ಮೂವರ ದಾರಿ ಇದಕ್ಕಿಂತ ಭಿನ್ನ. ಅವರು ಮದುವೆಯ ಚಪ್ಪರ ಹಾಕಿದಂತೆ ಗಳುಗಳನ್ನು ಮೂಲೆಗಳಲ್ಲಿ ಬಿಗಿದು, ನಡುವೆ ಖಾಲಿ ಜಾಗ ಉಳಿಯುವಂತೆ ಕಟ್ಟಿದರು. ಗಳುಗಳ ಸ್ಥಾನದಲ್ಲಿ ಇಂಗಾಲವಿರುವ ಸಾವಯವ ಅಣುಗಳು, ಮೂಲೆಗಂಟಿನ ಸ್ಥಾನದಲ್ಲಿ ಲೋಹ. ಲೋಹ ಮತ್ತು ಸಾವಯವ ಸೇರಿದ ಚೌಕಟ್ಟು ಆದ್ದರಿಂದ ಆ ಉದ್ದನೆಯ ಇಂಗ್ಲಿಷ್ ಹೆಸರು, ಚಿಕ್ಕದಾಗಿ ಎಂಒಎಫ್.

ಈ ವಿಚಾರದ ಬೀಜ ಬಿದ್ದದ್ದು ಒಂದು ಮರಗೆಲಸದಲ್ಲಿ. 1974ರಲ್ಲಿ ರಾಬ್ಸನ್ ತಮ್ಮ ವಿದ್ಯಾರ್ಥಿಗಳಿಗೆ ಪಾಠ ಮಾಡಲು ಮರದ ಉಂಡೆ ಮತ್ತು ಕಡ್ಡಿಗಳಿಂದ ಅಣುಗಳ ಮಾದರಿ ಮಾಡಿಸುತ್ತಿದ್ದರು. ಕಡ್ಡಿ ಸಿಕ್ಕಿಸಲು ಯಾವ ಉಂಡೆಗೆ ಎಲ್ಲಿ ತೂತು ಕೊರೆಯಬೇಕೆಂದು ಕಾರ್ಯಾಗಾರದವರಿಗೆ ಗುರುತು ಹಾಕಿ ಕೊಡಬೇಕಿತ್ತು. ಉಂಡೆಗಳನ್ನು ಜೋಡಿಸುತ್ತಿದ್ದಾಗ ಅವರಿಗೆ ಹೊಳೆದದ್ದು ಇದು: ತೂತುಗಳು ಸರಿಯಾದ ಜಾಗದಲ್ಲಿದ್ದರೆ ಸಾಕು, ಮಾದರಿ ತಾನಾಗಿಯೇ ಸರಿಯಾದ ಆಕಾರಕ್ಕೆ ಬರುತ್ತದೆ. ಹಾಗಿದ್ದರೆ ಪರಮಾಣುಗಳ ಈ ಗುಣವನ್ನೇ ಬಳಸಿ ಅಣುಗಳನ್ನು ಒಂದಕ್ಕೊಂದು ಕೂಡಿಸಿ ದೊಡ್ಡ ಕಟ್ಟಡ ಏಕೆ ಕಟ್ಟಬಾರದು? ಅದನ್ನು ಪರೀಕ್ಷಿಸಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ನಾಲ್ಕು ತೋಳುಗಳಿರುವ ಒಂದು ಅಣುವನ್ನು ತಾಮ್ರದ ಅಯಾನುಗಳ ಜೊತೆ ಸೇರಿಸಿದಾಗ, ವಜ್ರದ ಜೋಡಣೆಯನ್ನೇ ಹೋಲುವ ಆದರೆ ಒಳಗೆ ವಿಶಾಲವಾದ ಕೋಣೆಗಳಿರುವ ಹರಳು ಸಿಕ್ಕಿತು. 1989ರಲ್ಲಿ ಅವರು ಅದನ್ನು ಪ್ರಕಟಿಸಿದರು. ಆದರೆ ಆ ಹರಳುಗಳು ಬಹಳ ನಾಜೂಕಿನವು, ಬೇಗ ಕುಸಿಯುತ್ತಿದ್ದವು.

ಕಿಟಗಾವಾ 1997ರಲ್ಲಿ ಕೋಬಾಲ್ಟ್, ನಿಕ್ಕಲ್ ಅಥವಾ ಸತುವನ್ನು ಬೈಪಿರಿಡಿನ್ ಎಂಬ ಗಳುವಿನಂಥ ಅಣುವಿನಿಂದ ಜೋಡಿಸಿ, ಒಳಗೆ ನಾಳಗಳಿರುವ ಹರಳುಗಳನ್ನು ಪಡೆದರು. ನಾಳಗಳಲ್ಲಿದ್ದ ನೀರನ್ನು ತೆಗೆದ ಮೇಲೂ ಅವು ಕುಸಿಯಲಿಲ್ಲ. ಮೀಥೇನ್, ನೈಟ್ರೋಜನ್, ಆಕ್ಸಿಜನ್ ಅನಿಲಗಳನ್ನು ಒಳಗೆ ಬಿಟ್ಟುಕೊಂಡು ಹೊರಗೆ ಕಳಿಸಿದವು. ಗೋಡೆ ಗಟ್ಟಿಯೇ ಆಗಿರಬೇಕಿಲ್ಲ, ಉಸಿರಾಡುವ ಶ್ವಾಸಕೋಶದಂತೆ ಹಿಗ್ಗಿ ಕುಗ್ಗುವ ಚೌಕಟ್ಟುಗಳನ್ನೂ ಮಾಡಬಹುದು ಎಂದು ಮುಂದೆ ತೋರಿಸಿಕೊಟ್ಟವರೂ ಅವರೇ.

ಯಾಘಿ ಜೋರ್ಡಾನಿನ ಅಮ್ಮಾನಿನಲ್ಲಿ, ಪ್ಯಾಲೆಸ್ಟೀನಿನಿಂದ ಬಂದ ನಿರಾಶ್ರಿತ ಕುಟುಂಬದಲ್ಲಿ ಹುಟ್ಟಿದವರು. ಕರೆಂಟಿಲ್ಲದ ಒಂದೇ ಕೋಣೆಯ ಮನೆಯಲ್ಲಿ ಬೆಳೆದು, ಹದಿನೈದನೆಯ ವಯಸ್ಸಿಗೆ ಅಮೆರಿಕಕ್ಕೆ ಹೋದರು. 1995ರ ಪ್ರಬಂಧವೊಂದರಲ್ಲಿ ಎಂಒಎಫ್ ಎಂಬ ಹೆಸರನ್ನು ಬಳಕೆಗೆ ತಂದವರು ಅವರು. ಅವರ ಮುಖ್ಯ ಹೆಜ್ಜೆ ಮೂಲೆಗಂಟನ್ನು ಬದಲಿಸಿದ್ದು. ಒಂದೇ ಲೋಹದ ಅಯಾನಿನ ಮೂಲೆ ಹಗ್ಗದ ಗಂಟಿನಂತೆ ಅಲುಗಾಡುತ್ತದೆ. ಅದರ ಬದಲು ನಾಲ್ಕು ಸತುವಿನ ಪರಮಾಣುಗಳು ಒಂದು ಆಕ್ಸಿಜನ್ ಸುತ್ತ ಕೂಡಿದ ಗುಚ್ಛವನ್ನು ಮೂಲೆಯಾಗಿ ಮಾಡಿದರೆ ಅದು ಬೆಸುಗೆ ಹಾಕಿದ ಕಬ್ಬಿಣದ ಮೂಲೆಯಂತೆ ಬಿಗಿಯಾಗಿ ನಿಲ್ಲುತ್ತದೆ. ಎಂಒಎಫ್-5 ಹೀಗೆ ಬಂತು. ಖಾಲಿಯಾಗಿದ್ದಾಗಲೂ 300 ಡಿಗ್ರಿ ಬಿಸಿಯನ್ನು ಅದು ತಾಳಿಕೊಂಡಿತು. 2002ರಲ್ಲಿ ಅದೇ ಮೂಲೆಯನ್ನಿಟ್ಟುಕೊಂಡು ಗಳುವನ್ನು ಮಾತ್ರ ಉದ್ದ ಗಿಡ್ಡ ಮಾಡಿ, ಕೋಣೆಯ ಗಾತ್ರ ಬೇರೆಬೇರೆಯಾಗಿರುವ ಹದಿನಾರು ವಸ್ತುಗಳನ್ನು ಅವರ ತಂಡ ಮಾಡಿ ತೋರಿಸಿತು. ರಂಧ್ರದ ಅಳತೆಯನ್ನು ಮೊದಲೇ ನಿರ್ಧರಿಸಿ ಆಮೇಲೆ ವಸ್ತುವನ್ನು ಕಟ್ಟಬಹುದು ಎಂಬುದು ಇದರಿಂದ ಖಚಿತವಾಯಿತು. ನನ್ನ ಮಟ್ಟಿಗೆ ಈ ಇಡೀ ಕಥೆಯ ಅತಿ ಮಹತ್ವದ ಘಟ್ಟ ಇದೇ.

ಬೆಂಗಳೂರಿನಲ್ಲೂ ಈ ಬಗೆಯ ಕೆಲಸಕ್ಕೆ ಹಳೆಯ ನೆಲೆಯಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಮತ್ತು ಅವರ ಸಹೋದ್ಯೋಗಿಗಳು ಲೋಹದ ಫಾಸ್ಫೇಟು, ಕಾರ್ಬಾಕ್ಸಿಲೇಟುಗಳಿಂದ ಆದ ತೆರೆದ ಚೌಕಟ್ಟಿನ ವಸ್ತುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ.

ಸೆಂಟ್ರಿಂಗ್ ಬಿಚ್ಚುವ ದಿನ

ಎಂಒಎಫ್-5ನ್ನು ಮಾಡುವ ಕ್ರಮ ನೋಡಲು ಅಚ್ಚರಿಯಾಗುವಷ್ಟು ಸರಳ. ಸತುವಿನ ನೈಟ್ರೇಟ್ ಎಂಬ ಬಿಳಿಯ ಲವಣ, ಟೆರೆಫ್ತಾಲಿಕ್ ಆಮ್ಲ ಎಂಬ ಇನ್ನೊಂದು ಬಿಳಿಯ ಪುಡಿ. ಈ ಎರಡನೆಯದು ನೀರಿನ ಪ್ಲಾಸ್ಟಿಕ್ ಬಾಟಲಿ ತಯಾರಿಸಲು ಬಳಸುವ ಕಚ್ಚಾವಸ್ತುವೇ. ಎರಡನ್ನೂ ತೂಗಿ ಡಿಎಂಎಫ್ ಎಂಬ ದ್ರಾವಕದಲ್ಲಿ ಕರಗಿಸಿದರೆ ನೀರಿನಂಥ ತಿಳಿ ದ್ರಾವಣ ಬರುತ್ತದೆ. ಅದನ್ನು ಹೆಬ್ಬೆರಳು ಗಾತ್ರದ ಗಾಜಿನ ಸೀಸೆಗೆ ಹಾಕಿ, ಮುಚ್ಚಳ ಬಿಗಿದು, ಸುಮಾರು 100 ಡಿಗ್ರಿಯ ಓವನ್ನಿನಲ್ಲಿಟ್ಟು ಒಂದು ದಿನ ಕಾಯಬೇಕು. ಮರುದಿನ ಸೀಸೆಯನ್ನು ಬೆಳಕಿಗೆ ಹಿಡಿದರೆ ಗಾಜಿನ ಒಳಮೈಗೆ ಸಕ್ಕರೆಯ ಕಾಳುಗಳಂತೆ ಅಂಟಿಕೊಂಡ ಹರಳುಗಳು ಮಿನುಗುತ್ತವೆ. ಸೂಕ್ಷ್ಮದರ್ಶಕದಡಿ ಒಂದೊಂದೂ ಚೂಪು ಮೂಲೆಗಳ, ಬಣ್ಣವಿಲ್ಲದ ಪುಟ್ಟ ಘನ.

ಆದರೆ ಈ ಹಂತದಲ್ಲಿ ಕೋಣೆಗಳು ಖಾಲಿಯಾಗಿಲ್ಲ, ಅವುಗಳ ತುಂಬ ದ್ರಾವಕ ಕೂತಿರುತ್ತದೆ. ಆರ್‌ಸಿಸಿ ಮೋಲ್ಡ್ ಹಾಕಿದ ಮೇಲೆ ಸೆಂಟ್ರಿಂಗ್ ಬಿಚ್ಚುವ ದಿನ ಮನೆ ಕಟ್ಟಿಸುವವರ ಎದೆ ಹೇಗೆ ಡವಗುಟ್ಟುತ್ತದೆಯೋ, ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಈ ದ್ರಾವಕವನ್ನು ತೆಗೆಯುವ ಹೊತ್ತು ಹಾಗೆಯೇ. ಇದನ್ನು ಸಕ್ರಿಯಗೊಳಿಸುವುದು ಎನ್ನುತ್ತಾರೆ. ಡಿಎಂಎಫ್ ಸುಲಭವಾಗಿ ಆವಿಯಾಗುವುದಿಲ್ಲ, ಬಲವಂತವಾಗಿ ಹೊರಡಿಸಿದರೆ ಗೋಡೆಗಳನ್ನು ಎಳೆದುಕೊಂಡೇ ಹೋಗುತ್ತದೆ. ಆದ್ದರಿಂದ ಹರಳುಗಳನ್ನು ಮೊದಲು ಬೇಗ ಆರುವ ಇನ್ನೊಂದು ದ್ರಾವಕದಲ್ಲಿ ದಿನಗಟ್ಟಲೆ ನೆನೆಸಿ, ಹಳೆಯದನ್ನು ಚೆಲ್ಲಿ ಹೊಸದನ್ನು ತುಂಬುತ್ತ, ಒಳಗಿನ ದ್ರಾವಕವನ್ನು ನಿಧಾನವಾಗಿ ಬದಲಿಸುತ್ತಾರೆ. ಆಮೇಲೆ ನಿರ್ವಾತದಲ್ಲಿ ಹದವಾಗಿ ಬಿಸಿ ಮಾಡಿ ಅದನ್ನೂ ಹೊರಗೆ ಎಳೆಯುತ್ತಾರೆ. ಇನ್ನೂ ನಾಜೂಕಿನ ಚೌಕಟ್ಟುಗಳಿಗೆ ಕಿಸ್ಲರ್ ಅವರ ಏರೋಜೆಲ್ ಉಪಾಯವೇ ಗತಿ. ಕಾಗದದ ಮೇಲೆ ಸುಂದರವಾಗಿ ಕಾಣುವ ಎಷ್ಟೋ ಚೌಕಟ್ಟುಗಳು ಈ ಹಂತದಲ್ಲಿ ಕುಸಿದು ಬರೀ ಪುಡಿಯಾಗುತ್ತವೆ. ರಂಧ್ರ ಮಾಡುವುದಕ್ಕಿಂತ ರಂಧ್ರವನ್ನು ಖಾಲಿಯಾಗಿ ನಿಲ್ಲಿಸುವುದೇ ಈ ವಿದ್ಯೆಯಲ್ಲಿ ಕಷ್ಟ.

ಕಣ್ಣಿಗೆ ಕಾಣದ್ದನ್ನು ಅಳೆಯುವುದು

ಚೌಕಟ್ಟು ನಿಂತಿದೆಯೇ ಎಂದು ತಿಳಿಯಲು ಮೊದಲು ಬಳಸುವುದು ಎಕ್ಸ್-ರೇ. ಬಸ್ಸಿನ ಕಿಟಕಿಯಿಂದ ಅಡಿಕೆ ತೋಟ ನೋಡಿದವರಿಗೆ ಇದರ ತತ್ವ ಗೊತ್ತೇ ಇದೆ. ಬಸ್ಸು ಸಾಗುತ್ತಿದ್ದಂತೆ ಮರಗಳು ಒಂದು ಕ್ಷಣ ಗೊಂದಲವಾಗಿ ಕಾಣುತ್ತವೆ, ಮರುಕ್ಷಣ ಒಂದು ಕೋನದಲ್ಲಿ ಉದ್ದನೆಯ ಸಾಲೊಂದು ತೆರೆದುಕೊಳ್ಳುತ್ತದೆ, ಮತ್ತೆ ಮುಚ್ಚಿ ಇನ್ನೊಂದು ಕೋನದಲ್ಲಿ ಇನ್ನೊಂದು ಸಾಲು ತೆರೆಯುತ್ತದೆ. ಯಾವ ಯಾವ ಕೋನದಲ್ಲಿ ಸಾಲು ತೆರೆಯಿತು ಎಂಬುದನ್ನು ಬರೆದುಕೊಂಡರೆ, ತೋಟದೊಳಗೆ ಕಾಲಿಡದೆಯೇ ಮರಗಳನ್ನು ಯಾವ ವಿನ್ಯಾಸದಲ್ಲಿ ನೆಟ್ಟಿದ್ದಾರೆಂದು ಹೇಳಬಹುದು. ಎಕ್ಸ್-ರೇ ಕಿರಣಗಳೂ ಹರಳಿನಿಂದ ಕೆಲವೇ ನಿರ್ದಿಷ್ಟ ಕೋನಗಳಲ್ಲಿ ಬಲವಾಗಿ ಹೊರಬರುತ್ತವೆ. ಕಿರಣದ ತರಂಗದ ಉದ್ದ ಮೊದಲೇ ಗೊತ್ತಿರುವುದರಿಂದ (ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ 0.154 ನ್ಯಾನೊಮೀಟರ್) ಆ ಕೋನಗಳಿಂದ ಪರಮಾಣುಗಳ ಸಾಲುಗಳ ನಡುವಿನ ಅಂತರ ಸಿಗುತ್ತದೆ. ದ್ರಾವಕ ತೆಗೆಯುವ ಮೊದಲು ಮತ್ತು ಆಮೇಲೆ ಎರಡು ಬಾರಿ ಇದನ್ನು ಮಾಡಿ, ಕೋನಗಳು ಬದಲಾಗದಿದ್ದರೆ ಕಟ್ಟಡ ನಿಂತಿದೆ ಎಂದರ್ಥ.

ಕಟ್ಟಡ ನಿಂತಿರಬಹುದು, ಆದರೆ ಕೋಣೆಗಳು ನಿಜಕ್ಕೂ ಖಾಲಿಯಾಗಿವೆಯೇ? ಅದಕ್ಕೆ ನೈಟ್ರೋಜನ್ ಸಾಕ್ಷಿ ಹೇಳಬೇಕು. ವಸ್ತುವನ್ನು ನಿಖರವಾಗಿ ತೂಗಿ, ಗಾಜಿನ ಕೊಳವೆಯಲ್ಲಿಟ್ಟು, ಕೊಳವೆಯನ್ನು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ನಿನಲ್ಲಿ ಮುಳುಗಿಸಿ, ಒಳಗೆ ನೈಟ್ರೋಜನ್ ಅನಿಲವನ್ನು ಅಳೆದಳೆದು ಬಿಡುತ್ತಾರೆ. ಬಿಟ್ಟ ಅನಿಲದಲ್ಲಿ ಎಷ್ಟು ಪಾಲು ಒತ್ತಡವಾಗಿ ಕಾಣಿಸಿತು, ಎಷ್ಟು ಪಾಲು ಕಾಣೆಯಾಯಿತು ಎಂದು ನೋಡುತ್ತ ಹೋದರೆ, ಕಾಣೆಯಾದ ಪಾಲೇ ಗೋಡೆ ಹಿಡಿದ ಪಾಲು. ಮೈಕ್ರೊ ರಂಧ್ರಗಳಿರುವ ವಸ್ತುವಿನಲ್ಲಿ ಒತ್ತಡ ಇನ್ನೂ ಅತಿ ಕಡಿಮೆ ಇರುವಾಗಲೇ ಅನಿಲ ದಬದಬ ಒಳಹೋಗುತ್ತದೆ, ಯಾವ ಒತ್ತಡಕ್ಕೆ ಎಷ್ಟು ಅನಿಲ ಹಿಡಿಯಿತೆಂದು ಗುರುತಿಸಿದ ನಕ್ಷೆಯ ಗೆರೆ ಗೋಡೆಯಂತೆ ನೆಟ್ಟಗೆ ಏರಿ ಆಮೇಲೆ ಮಟ್ಟಸವಾಗುತ್ತದೆ. ಮೆಸೊ ರಂಧ್ರಗಳಲ್ಲಿ ಗೆರೆ ನಡುವೆ ಇನ್ನೊಮ್ಮೆ ಏರುತ್ತದೆ, ಏಕೆಂದರೆ ಒಂದು ಒತ್ತಡಕ್ಕೆ ಬಂದಾಗ ಅನಿಲ ಆ ನಾಳಗಳೊಳಗೆ ದ್ರವವಾಗಿ ತುಂಬಿಕೊಳ್ಳುತ್ತದೆ.

ಇಲ್ಲಿಂದ ಗುಂಟೆಗೆ ಹೋಗುವ ಲೆಕ್ಕ ಟೈಲ್ಸ್ ಲೆಕ್ಕದಂತಿದೆ. ಅಡ್ಡಾದಿಡ್ಡಿ ಆಕಾರದ ಕೋಣೆಯ ವಿಸ್ತೀರ್ಣ ಗೊತ್ತಿಲ್ಲದಿದ್ದರೂ, ನೆಲಕ್ಕೆ ಎಷ್ಟು ಟೈಲ್ಸ್ ಹಿಡಿಯಿತು ಎಂದು ಎಣಿಸಿ ಒಂದು ಟೈಲ್ಸಿನ ಅಳತೆಯಿಂದ ಗುಣಿಸಿದರೆ ಸಾಕು. ಒಂದು ನೈಟ್ರೋಜನ್ ಅಣು ಗೋಡೆಯ ಮೇಲೆ 0.162 ಚದರ ನ್ಯಾನೊಮೀಟರ್ ಜಾಗ ಹಿಡಿಯುತ್ತದೆ ಎಂದು ಇಟ್ಟುಕೊಳ್ಳುತ್ತಾರೆ. ತೊಡಕಿರುವುದು ಒಂದು ಪದರ ಪೂರ್ತಿಯಾಗುವ ಮೊದಲೇ ಅಣುಗಳ ಮೇಲೆ ಅಣುಗಳು ಕೂರಲು ಶುರುಮಾಡುವುದರಲ್ಲಿ. ಹಾಗಾಗಿ ಮೊದಲ ಪದರದಲ್ಲಿ ಎಷ್ಟಿದ್ದವು ಎಂಬುದನ್ನು ಬೇರ್ಪಡಿಸಿ ತೆಗೆಯುವ ಸಮೀಕರಣವನ್ನು 1938ರಲ್ಲಿ ಬ್ರುನೌರ್, ಎಮೆಟ್, ಟೆಲ್ಲರ್ ಎಂಬ ಮೂವರು ಕೊಟ್ಟರು. ಅವರ ಹೆಸರಿನ ಮೊದಲ ಅಕ್ಷರಗಳಿಂದ ಅದು ಬಿಇಟಿ ವಿಧಾನವಾಯಿತು. ಎಂಒಎಫ್-5ರ ಸಂಖ್ಯೆಗೆ ಬಳಸಿದ್ದು ಇದಕ್ಕಿಂತ ಹಳೆಯದಾದ, ಒಂದೇ ಪದರವೆಂದು ಎಣಿಸುವ ಲ್ಯಾಂಗ್‌ಮ್ಯೂರ್ ಲೆಕ್ಕ. ಒಂದು ಗ್ರಾಮಿಗೆ 2,900 ಚದರ ಮೀಟರ್ ಬರಬೇಕಾದರೆ ಆ ಒಂದು ಗ್ರಾಂ ವಸ್ತು ಸುಮಾರು 0.83 ಗ್ರಾಂ ನೈಟ್ರೋಜನ್ನನ್ನು ಹಿಡಿದಿರಬೇಕು. ತನ್ನ ತೂಕದ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಅನಿಲ!

ಒಂದು ಎಚ್ಚರಿಕೆ ಅಗತ್ಯ. ಎರಡು ಮೂರು ಅಣು ಮಾತ್ರ ಹಿಡಿಸುವಷ್ಟು ಕಿರಿದಾದ ರಂಧ್ರದಲ್ಲಿ ‘ಪದರ’ ಎಂಬ ಮಾತಿಗೆ ಅರ್ಥ ತೆಳುವಾಗುತ್ತದೆ, ಅಲ್ಲಿ ಅಣುಗಳು ಗೋಡೆಯ ಮೇಲೆ ಹಾಸಿಕೊಳ್ಳುವ ಬದಲು ಕೋಣೆಯನ್ನೇ ತುಂಬುತ್ತವೆ. ಆದ್ದರಿಂದ ಗುಂಟೆಯ ಲೆಕ್ಕವನ್ನು ಒಂದು ವಸ್ತುವನ್ನು ಇನ್ನೊಂದರೊಡನೆ ಹೋಲಿಸಲು ಬಳಸಬೇಕೇ ಹೊರತು, ಒಳಗೆ ನಿಜವಾಗಿಯೂ ಅಷ್ಟು ನೆಲ ಹಾಸಿದೆ ಎಂದು ತಿಳಿಯಬಾರದು. ಎರಡು ವಸ್ತುಗಳ ಸಂಖ್ಯೆಗಳನ್ನು ಎದುರುಬದುರು ಇಡುವಾಗ ಎರಡನ್ನೂ ಒಂದೇ ಲೆಕ್ಕದಿಂದ ತೆಗೆದದ್ದೇ ಎಂದೂ ನೋಡಿಕೊಳ್ಳಬೇಕು. ದೊಡ್ಡ ರಂಧ್ರಗಳಿಗೆ ಪಾದರಸವನ್ನು ಒತ್ತಿ ತುಂಬಿಸಿ ಅಳೆಯುವ ಬೇರೆಯ ವಿಧಾನವಿದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಾಳಗಳ ಸಾಲನ್ನು ನೇರವಾಗಿ ತೋರಿಸಬಲ್ಲದು, ಆದರೆ ಎಂಒಎಫ್‌ಗಳು ಎಲೆಕ್ಟ್ರಾನುಗಳ ಹೊಡೆತಕ್ಕೆ ಬೇಗ ಹಾಳಾಗುವುದರಿಂದ ಅವನ್ನು ಅತಿ ಮಂದ ಕಿರಣದಲ್ಲಿ ಚಿತ್ರಿಸಬೇಕಾಗುತ್ತದೆ.

ಪ್ರಯೋಗಾಲಯದಿಂದ ಹೊರಗೆ

ಯಾಘಿಯವರ ತಂಡ ಅರಿಜೋನಾದ ಮರುಭೂಮಿಯಲ್ಲಿ ಒಣ ಗಾಳಿಯಿಂದಲೇ ಕುಡಿಯುವ ನೀರು ತೆಗೆದು ತೋರಿಸಿದೆ: ರಾತ್ರಿಯ ತಂಪಿನಲ್ಲಿ ಎಂಒಎಫ್ ಗಾಳಿಯ ತೇವವನ್ನು ಹಿಡಿಯುತ್ತದೆ, ಹಗಲಿನ ಬಿಸಿಲಿಗೆ ಬಿಡುತ್ತದೆ, ಬಿಟ್ಟ ಆವಿ ತಣ್ಣನೆಯ ಮೈಗೆ ತಾಗಿ ಹನಿಯಾಗುತ್ತದೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕ್ಯಾಲ್ಫ್-20 ಎಂಬ ಸತುವಿನ ಎಂಒಎಫ್ ಸಿಮೆಂಟ್ ಕಾರ್ಖಾನೆಯ ಹೊಗೆಯಿಂದ ಇಂಗಾಲದ ಡೈ ಆಕ್ಸೈಡನ್ನು ಹಿಡಿಯುವ ಕೆಲಸಕ್ಕೆ ಇಳಿದಿದೆ. ಹೊಗೆಯಲ್ಲಿ ಹಬೆಯೂ ಇರುತ್ತದೆ, ಹೆಚ್ಚಿನ ವಸ್ತುಗಳು ಆ ಹಬೆಯನ್ನೇ ಮೊದಲು ಹಿಡಿದು ತುಂಬಿಹೋಗುತ್ತವೆ; ತೇವವಿದ್ದರೂ ಇಂಗಾಲದ ಡೈ ಆಕ್ಸೈಡನ್ನು ಆರಿಸಿಕೊಳ್ಳುವುದು ಕ್ಯಾಲ್ಫ್-20ರ ವಿಶೇಷ. ಚಿಪ್ ತಯಾರಿಕೆಗೆ ಬೇಕಾಗುವ ಆರ್ಸೀನ್, ಫಾಸ್ಫೀನ್‌ನಂಥ ವಿಷಾನಿಲಗಳನ್ನು ಎಂಒಎಫ್ ತುಂಬಿದ ಸಿಲಿಂಡರಿನಲ್ಲಿ ವಾತಾವರಣಕ್ಕಿಂತ ಕಡಿಮೆ ಒತ್ತಡದಲ್ಲಿ ಇಡಲು ಸಾಧ್ಯವಾಗಿದೆ. ಸಿಲಿಂಡರ್ ಸೋರಿದರೂ ಅನಿಲ ಹೊರಗೆ ಚಿಮ್ಮುವುದಿಲ್ಲ.

ತೊಡಕುಗಳೂ ಅಷ್ಟೇ ನಿಜ. ಇಪ್ಪತ್ತೆಂಟು ಗುಂಟೆಯ ಎಂಒಎಫ್-5 ತೇವಕ್ಕೆ ತಾಳುವುದಿಲ್ಲ. ಮಳೆಗಾಲದ ಗಾಳಿಯಲ್ಲಿ ತೆರೆದಿಟ್ಟರೆ ನೀರಿನ ಅಣುಗಳು ಸತುವಿನ ಮೂಲೆಗೆ ಕೈಹಾಕಿ ಗಳುಗಳನ್ನು ಕಳಚುತ್ತವೆ, ಕೋಣೆಗಳು ಕುಸಿಯುತ್ತವೆ. 2008ರಲ್ಲಿ ನಾರ್ವೆಯ ಆಸ್ಲೊದಲ್ಲಿ ಸತುವಿನ ಬದಲು ಜಿರ್ಕೋನಿಯಂ ಬಳಸಿ ಮಾಡಿದ ಯುಐಒ-66 ನೀರಿನಲ್ಲಿಯೂ ನಿಲ್ಲುತ್ತದೆ, ಆದರೆ ಅದರ ಒಳವಿಸ್ತೀರ್ಣ ಕಡಿಮೆ. ಪುಡಿಯನ್ನು ಹಾಗೆಯೇ ಯಂತ್ರಕ್ಕೆ ತುಂಬಿದರೆ ಗಾಳಿ ಆಡುವುದಿಲ್ಲ, ಗುಂಡುಗಳಾಗಿ ಒತ್ತಿದರೆ ಒಂದಷ್ಟು ರಂಧ್ರಗಳು ಮುಚ್ಚಿಹೋಗುತ್ತವೆ. ದ್ರಾವಕಗಳ ಖರ್ಚು, ಅವುಗಳ ವಿಲೇವಾರಿ ಬೇರೆ. ಇವೆಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಬಾಳಿಕೆಯದು. ರೋಗಿಯ ಮಂಚದ ಪಕ್ಕದ ಯಂತ್ರದಲ್ಲಿ ಜಿಯೊಲೈಟ್ ನಿಮಿಷಕ್ಕೆ ಹಲವು ಬಾರಿಯಂತೆ ಹಗಲಿರುಳು ನೈಟ್ರೋಜನ್ನನ್ನು ಹಿಡಿದು ಬಿಡುತ್ತಲೇ ಇರುತ್ತದೆ, ಲಕ್ಷಾಂತರ ಬಾರಿ ಹಾಗೆ ಮಾಡಿದ ಮೇಲೂ ಅದರ ಕೋಣೆಗಳು ನಿಂತಿರುತ್ತವೆ. ಹೊಸ ಚೌಕಟ್ಟುಗಳನ್ನು ಈಗ ಕಾರ್ಖಾನೆಗಳ ಹೊಗೆಕೊಳವೆಗಳ ಬಳಿ ಕೂರಿಸಿ ಎಣಿಸುತ್ತಿರುವುದು ಆ ಸರದಿಗಳನ್ನೇ.